ಮೀನಿಗೆ ಬಿಟ್ಟ ಬಾಣ

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದ ಒಂದು ಭಾನುವಾರ ಡೊಂಬಿವಲಿಯ ಸಭಾಗೃಹವೊಂದರಲ್ಲಿ 'ದ್ರೌಪದಿ ಸ್ವಯಂವರ' ಯಕ್ಷಗಾನವಿತ್ತು. ಅರ್ಜುನನ ಪಾತ್ರಧಾರಿ ಕೆಳಗಿನ ನೀರಿನ ಪಾತ್ರೆಯನ್ನು ನೋಡುತ್ತ, ಬಿಲ್ಲನ್ನು ಮೇಲಕ್ಕೆ ಹಿಡಿದು ಬಾಣ ಬಿಟ್ಟಾಗ ಚೆಂಡೆಯ ಸದ್ದಿನಲ್ಲಿ ಸಭೆಯ ಚಪ್ಪಾಳೆಯೇ ಕೇಳಿಸಲಿಲ್ಲ. ಹಿಂದಿರುಗುವಾಗ ಜೊತೆಗಿದ್ದ ಸೋದರಳಿಯ ಲೋಕಲ್ ಗಾಡಿಯಲ್ಲಿ ನಮ್ಮನ್ನೊಂದು ಪ್ರಶ್ನೆ ಕೇಳಿದ. "ಮಾವ, ಅಮೆರಿಕದಲ್ಲಿ ಬಿಲ್ಲಿಗೆ ದಾರದ ರಾಟೆ ಕಟ್ಟಿಕೊಂಡು ನಿಜವಾಗಿಯೇ ಮೀನು ಹೊಡೆಯುತ್ತಾರೆ. ಅದೊಂದು ದೊಡ್ಡ ಆಟ. ನನಗೂ ಕಲಿಯಬೇಕೆಂದು ಆಸೆ. ನಮ್ಮ ಕಲ್ಯಾಣದ ಖಾಡಿಯಲ್ಲಿ ಶುರು ಮಾಡಬಹುದಲ್ಲವೇ?"

ನಮಗೆ ಒಮ್ಮೆಗೇ ನಗು ಬಂತು. ಖಾಡಿಯ ನೀರನ್ನು ನೋಡಿದ ಯಾರಿಗೇ ಆದರೂ ಬರಬೇಕಾದ ನಗು ಅದು. ಆದರೆ ಮನೆಗೆ ಬಂದು ಮಲಗಿದ ಮೇಲೆ, ಹುಡುಗನ ಪ್ರಶ್ನೆ ನಗುವಂಥದೇನೂ ಅಲ್ಲ ಎನ್ನಿಸಿತು. ನಮ್ಮ ದೇಶದಲ್ಲಿ ಬಾಣದಿಂದ ಮೀನು ಹೊಡೆದವರು ಯಾರು? ಎಲ್ಲಿ ಹೊಡೆದರು? ನಾವು ವಾಸವಾಗಿರುವ ಈ ಠಾಣೆ, ಡೊಂಬಿವಲಿ, ಕಲ್ಯಾಣಗಳ ನೀರಿಗೂ ಆ ವಿದ್ಯೆಗೂ ಏನಾದರೂ ಸಂಬಂಧವುಂಟೇ? ಹೀಗೆ ಹುಡುಕುತ್ತ ಹೋದಾಗ ಕಂಡದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಅರ್ಜುನನ ಮೀನನ್ನೇ ನೋಡೋಣ. ಮತ್ಸ್ಯಯಂತ್ರವನ್ನು ಭೇದಿಸಿ ದ್ರೌಪದಿಯನ್ನು ಗೆದ್ದ ಕಥೆ ನಮ್ಮ ಹರಿಕಥೆ, ಬಯಲಾಟ, ಗೊಂಬೆಯಾಟಗಳಲ್ಲೆಲ್ಲ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಹೊಯ್ಸಳ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿಯೂ ಕಡೆದಿದ್ದಾರೆ. ಆದರೆ ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು ನೂರಾರು ಹಸ್ತಪ್ರತಿಗಳನ್ನು ತಾಳೆ ನೋಡಿ, ೧೯೬೬ರಲ್ಲಿ ಮುಗಿಸಿದ ಸಂಸ್ಕೃತ ಮಹಾಭಾರತದ ಪರಿಷ್ಕರಣದಲ್ಲಿ ಮೀನಿನ ಸುದ್ದಿಯೇ ಇಲ್ಲ. ದ್ರುಪದನು ಆಕಾಶದಲ್ಲಿ ಒಂದು ಯಂತ್ರವನ್ನೂ ಅದರಾಚೆ ಚಿನ್ನದ ಗುರಿಯೊಂದನ್ನೂ ಇರಿಸಿದ. ಯಂತ್ರದ ರಂಧ್ರದ ಮೂಲಕ ಐದು ಬಾಣಗಳಿಂದ ಆ ಗುರಿಯನ್ನು ಹೊಡೆಯಬೇಕಾಗಿತ್ತು. ಅಲ್ಲಿರುವುದು ಇಷ್ಟೇ. ತಿರುಗುವ ಮೀನು, ಕೆಳಗೆ ನೀರಿನ ಪಾತ್ರೆ, ಅದರಲ್ಲಿ ಬಿದ್ದ ಪ್ರತಿಬಿಂಬ, ಇವೆಲ್ಲ ಕಥೆ ಹೇಳುವವರ ಬಾಯಿಂದ ಬಾಯಿಗೆ ಬರುತ್ತ ಸೇರಿಕೊಂಡವು.

ಇದನ್ನು ಕಥೆಗಾರರ ತಪ್ಪೆಂದು ನಾವು ಹೇಳುತ್ತಿಲ್ಲ. ಬಿಲ್ಲುಗಾರಿಕೆಯಲ್ಲಿ ಅತಿ ಕಠಿಣವಾದ ಗುರಿ ಯಾವುದೆಂದು ಯೋಚಿಸಿದ ನಮ್ಮ ಹಿರಿಯರಿಗೆ ನೀರೂ ಮೀನೂ ನೆನಪಾದವೆಂಬುದು ಗಮನಿಸಬೇಕಾದ ಮಾತು. ನೀರಿನೊಳಗೆ ಕಾಣುವುದನ್ನು ಹೊಡೆಯುವುದು ಎಷ್ಟು ಕಷ್ಟವೆಂದು ಎಲ್ಲೋ, ಯಾರಿಗೋ ಕೈಯನುಭವವಿದ್ದಿರಬೇಕು. ಆದರೆ ಒಂದು ಭೇದವುಂಟು. ರಂಗದ ಮೇಲಿನ ಅರ್ಜುನ ನೋಡುವುದು ನೀರಿನ ಮೇಲ್ಮೈಯಲ್ಲಿ ಬಿದ್ದ ಪ್ರತಿಬಿಂಬವನ್ನು. ಅಲ್ಲಿ ಬೆಳಕು ನೀರಿನೊಳಕ್ಕೆ ಹೋಗುವುದೇ ಇಲ್ಲ, ಕನ್ನಡಿಯಲ್ಲಿ ಆಗುವಂತೆ ತಿರುಗಿ ಬರುತ್ತದೆ. ಹೊಳೆಯಲ್ಲಿ ಮೀನು ಹೊಡೆಯುವವನ ಕಷ್ಟ ಬೇರೆ. ಅವನಿಗೆ ಕಾಣುವ ಬೆಳಕು ಮೀನಿನಿಂದ ಹೊರಟು, ನೀರನ್ನು ದಾಟಿ, ಗಾಳಿಗೆ ಬರುವಾಗ ಬಾಗಿ ಬರುತ್ತದೆ. ಬಾಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮೀನು ತಾನಿರುವುದಕ್ಕಿಂತ ಮೇಲೆ ಇರುವಂತೆ ತೋರುತ್ತದೆ.

ಮರುದಿನ ಸಂಜೆ ಸೋದರಳಿಯನನ್ನು ಕರೆದು ಬಚ್ಚಲಮನೆಯ ದೊಡ್ಡ ಟಬ್ಬಿನಲ್ಲಿ ಒಂದು ಅಡಿ ನೀರು ತುಂಬಿಸಿ, ತಳಕ್ಕೆ ಐದು ರೂಪಾಯಿಯ ನಾಣ್ಯವೊಂದನ್ನು ಹಾಕಿದೆವು. ಕೊಡೆಯ ಕಡ್ಡಿಯೊಂದನ್ನು ಅವನ ಕೈಗೆ ಕೊಟ್ಟು, "ಓರೆಯಾಗಿ ಹಿಡಿದು, ಗುರಿ ನೋಡಿ, ನಡುವೆ ನಿಲ್ಲಿಸದೆ ಒಂದೇ ಬೀಸಿಗೆ ನಾಣ್ಯವನ್ನು ಚುಚ್ಚು" ಎಂದೆವು. ಹತ್ತು ಸಲ ಚುಚ್ಚಿದ. ಹತ್ತು ಸಲವೂ ಕಡ್ಡಿ ನಾಣ್ಯದ ಮೇಲಿಂದ ಹಾದು ಆಚೆ ಕಡೆ ತಳಕ್ಕೆ ಬಡಿಯಿತು. ಹನ್ನೊಂದನೆಯ ಸಲ "ಕಾಣುವ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ, ಈಚೆಗೆ ಹೊಡೆ" ಎಂದೆವು. ಟಣ್ ಎಂದು ಸದ್ದಾಯಿತು.

ಕಾಲೇಜಿನಲ್ಲಿ ಓದಿದ್ದು ಇಷ್ಟು ಕಾಲದ ಮೇಲೆ ಹೀಗೆ ಪ್ರಯೋಜನಕ್ಕೆ ಬಂತು. ನೀರಿನ ವಕ್ರೀಭವನಾಂಕ ೧.೩೩. ನೇರ ಮೇಲಿನಿಂದ ಬಗ್ಗಿ ನೋಡಿದರೆ ನಾಲ್ಕು ಅಡಿ ಆಳದಲ್ಲಿರುವ ವಸ್ತು ಮೂರೇ ಅಡಿ ಆಳದಲ್ಲಿರುವಂತೆ ತೋರುತ್ತದೆ; ಆದರೆ ಆಗ ಗುರಿ ಪಕ್ಕಕ್ಕೆ ಸರಿದಿರುವುದಿಲ್ಲ, ಆದ್ದರಿಂದ ನೇರವಾಗಿ ಚುಚ್ಚಿದರೆ ತಗಲುತ್ತದೆ. ತೊಂದರೆಯಿರುವುದು ಓರೆಯಾಗಿ ನೋಡಿದಾಗ. ೪೫ ಡಿಗ್ರಿ ಓರೆಯಲ್ಲಿ ಬರುವ ನೋಟ ನೀರಿನೊಳಗೆ ಹೊಕ್ಕಾಗ ಲಂಬಕ್ಕೆ ಸುಮಾರು ೩೨ ಡಿಗ್ರಿಗೆ ಬಾಗುತ್ತದೆ. ಬಾಣ ಮಾತ್ರ ಬಾಗದೆ ನೆಟ್ಟಗೆ ಹೋಗುತ್ತದೆ. ಲೆಕ್ಕ ಹಾಕಿದರೆ, ಒಂದು ಅಡಿ ಆಳದಲ್ಲಿರುವ ಮೀನಿನ ಮೇಲಿಂದ ಬಾಣವು ನಾಲ್ಕು ಅಂಗುಲಕ್ಕಿಂತ ತುಸು ಹೆಚ್ಚು ಎತ್ತರದಲ್ಲಿ ಹಾದು ಹೋಗಬೇಕು. ಆಳ ಎರಡಡಿಯಾದರೆ ತಪ್ಪೂ ಇಮ್ಮಡಿ. ಅಮೆರಿಕದ ಬಿಲ್ಲುಗಾರರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ: ಕೆಳಗೆ ಗುರಿಯಿಡು, ಕೆಳಗೆ ಎಂದುಕೊಂಡ ಮೇಲೆ ಇನ್ನೂ ಸ್ವಲ್ಪ ಕೆಳಗೆ ಇಡು.

ಈ ಲೆಕ್ಕದಲ್ಲಿಯೇ ಇನ್ನೊಂದು ಮಾತು ಅಡಗಿದೆ. ಮೀನು ಎಷ್ಟು ಕೆಳಗಿದೆಯೆಂದು ಊಹಿಸಬೇಕಾದರೆ ಮೊದಲು ಅದು ಕಾಣಬೇಕು. ಕಾಣಬೇಕಾದರೆ ನೀರು ತಿಳಿಯಾಗಿರಬೇಕು, ಆಳ ಕಡಮೆಯಿರಬೇಕು, ಅಲೆ ನಿಂತಿರಬೇಕು. ಬಲೆಗೆ ಇವು ಯಾವುವೂ ಬೇಡ, ಗಾಳಕ್ಕೂ ಬೇಡ. ಬಾಣಕ್ಕೆ ಮಾತ್ರ ಬೇಕು. ಈ ಬೇಟೆಯ ಮೊದಲ ಸಲಕರಣೆ ಬಿಲ್ಲಲ್ಲ, ತಿಳಿನೀರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯನ್ನು ನೋಡಿದರೆ ಬಾಣದಿಂದ ಮೀನು ಹೊಡೆದವರು ಯಾರು, ಹೊಡೆಯದವರು ಯಾರು ಎಂಬುದು ತಾನೇ ಸ್ಪಷ್ಟವಾಗುತ್ತದೆ.

ಹೊಡೆಯದವರಲ್ಲಿ ಮೊದಲಿಗೆ ನಮ್ಮ ಅರಸರನ್ನೇ ಹೇಳಬೇಕು. ಮುಂಬಯಿಯ ಕನ್ನಡಿಗರಿಗೆ ಕಲ್ಯಾಣಗಳು ಎರಡು. ಒಂದು ನಾವು ನಿತ್ಯ ಗಾಡಿ ಹತ್ತಿ ಇಳಿಯುವ ಕಲ್ಯಾಣ. ಇನ್ನೊಂದು ಬಸವಣ್ಣನವರ ಕಲ್ಯಾಣ, ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ಆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಆಳುತ್ತಿದ್ದಾಗ, ಸುಮಾರು ೧೧೨೯ರಲ್ಲಿ, 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು. ಅಡಿಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಅದರಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವೇ ಒಂದಿದೆ. ಕಡಲ ಮೀನು, ಹೊಳೆಯ ಮೀನು, ಹುರುಪೆಯಿರುವವು, ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ಬರೆಯಲಾಗಿದೆ. ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣವನ್ನು ಕುರಿತು ಬರೆದು, ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಗಾಳದ ಮೇಲೆ ಪ್ರಸಿದ್ಧ ಪುಸ್ತಕ ಬರೆದದ್ದು ೧೬೫೩ರಲ್ಲಿ. ನಮ್ಮ ದೊರೆ ಅವನಿಗಿಂತ ಐನೂರು ವರ್ಷ ಹಿಂದಿನವನು.

ಆದರೆ ಗಮನಿಸಿ, ಸೋಮೇಶ್ವರನ ಮತ್ಸ್ಯವಿನೋದವೆಂದರೆ ಗಾಳದ ವಿನೋದ. ಕಾಡಿನ ಮೃಗಗಳ ಮೇಲೆ ಬಾಣ ಬಿಡುವ ಅರಸನು ನೀರಿನ ದಡಕ್ಕೆ ಬಂದಾಗ ಕೋಲು ಹಿಡಿದು ಕುಳಿತುಕೊಳ್ಳುತ್ತಾನೆ. ಇದು ಸಹಜವೇ. ಅರಸನಿಗೆ ಬೇಕಾದದ್ದು ಹೊತ್ತು ಹೋಗುವ ಆಟ. ಗಾಳದಲ್ಲಿ ಸಿಕ್ಕ ಮೀನು ಎಳೆದಾಡುವುದೇ ಅದರ ಸೊಗಸು. ಬಾಣದ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಮಂಡಿಯವರೆಗೆ ನೀರಿನಲ್ಲಿ ನಿಂತು, ಉಸಿರು ಬಿಗಿ ಹಿಡಿದು, ಸಂಜೆಯ ಸಾರಿಗಾಗಿ ಒಂದು ಮೀನು ಹೊಡೆಯುವುದು ಅರಸರ ವಿನೋದವಲ್ಲ. ಅದು ಹೊಟ್ಟೆಯ ವಿದ್ಯೆ. ಹೊಟ್ಟೆಯ ವಿದ್ಯೆಗೆ ಗ್ರಂಥಗಳಿಲ್ಲ.

ಈ ವಿದ್ಯೆ ಬಲ್ಲವರು ಕರ್ನಾಟಕದ ಗಡಿಗೆ ಅಂಟಿಕೊಂಡೇ ಇದ್ದಾರೆ. ನಮ್ಮ ಕಪಿಲೆ, ಎಂದರೆ ಕಬಿನಿ, ಹುಟ್ಟಿ ಬರುವುದು ವಯನಾಡಿನಲ್ಲಿ. ಅಲ್ಲಿನ ಕುರಿಚ್ಯರೂ ಮುಳ್ಳುಕುರುಮರೂ ಬಿಲ್ಲಿಗೆ ಹೆಸರಾದವರು. ಹಂದಿಗೆ ಹೂಡಿದ ಬಿಲ್ಲನ್ನು ಅವರು ಮೀನಿಗೂ ಹೂಡುತ್ತಿದ್ದರು. ೧೮೦೨ರ ಅಕ್ಟೋಬರಿನಲ್ಲಿ ಪಳಶ್ಶಿ ರಾಜನ ಪಕ್ಷದ ಎಡಚೇನ ಕುಂಕನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂತು ಇವರು ಬಿಲ್ಲುಗಾರರನ್ನು ಕಟ್ಟಿಕೊಂಡು ಪನಮರದ ಕಂಪನಿ ಠಾಣ್ಯವನ್ನು ಹಿಡಿದದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಪನಮರದ ಹೊಳೆ ಕಬಿನಿಗೆ ಸೇರುವ ನೀರು. ಬಂದೂಕಿನ ಸಿಪಾಯಿಗಳನ್ನು ನಡುಗಿಸಿದ ಕೈಗಳು ಪಳಗಿದ್ದು ಇಂಥ ಹೊಳೆ, ಗದ್ದೆ, ಕಾಡುಗಳಲ್ಲಿ.

ಮಲಬಾರಿನಲ್ಲಿ ಬಿಲ್ಲಿಗೆ ಇನ್ನೊಂದು ರೂಪವೂ ಇತ್ತು. ಮರದ ದಿಂಡಿಗೆ ಅಡ್ಡಲಾಗಿ ಬಿಲ್ಲು ಕಟ್ಟಿ, ಹೆದೆಯನ್ನು ಎಳೆದು ಸಿಕ್ಕಿಸಿಟ್ಟು, ಬೇಕಾದಾಗ ಗುಂಡಿ ಒತ್ತಿ ಬಿಡುವ ಅಡ್ಡಬಿಲ್ಲು. ಮದ್ರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ೧೯೨೪ರಲ್ಲಿ ದಕ್ಷಿಣ ಭಾರತದ ಊದುಕೊಳವೆ, ವಳರಿ, ಅಡ್ಡಬಿಲ್ಲುಗಳ ಮೇಲೆ ದೀರ್ಘ ಲೇಖನ ಬರೆದ. ಮೀನು ಹೊಡೆಯುವ ಈ ಸಾಧನಗಳ ವಿಷಯ ಅದರಲ್ಲಿದೆ. ಇದಕ್ಕೆ ಹೇಳಿ ಮಾಡಿಸಿದ ಮೀನೆಂದರೆ ನಾವು ಕೊರವ ಎನ್ನುವ, ಮರಾಠಿಗರು ಮರಳ ಎನ್ನುವ ಹಾವುತಲೆಯ ಮೀನು. ಅದು ಗಾಳಿಯನ್ನೂ ಉಸಿರಾಡುವ ಜಾತಿ. ಆಗಾಗ ಮೇಲಕ್ಕೆ ಬಂದೇ ಬರಬೇಕು. ಮರಿಗಳನ್ನು ತಂದೆತಾಯಿಗಳು ಕಾಯುತ್ತವೆ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ದೊಡ್ಡ ಮೀನು ಅದರ ಕೆಳಗೇ ಇದೆಯೆಂದು ಅರ್ಥ. ಹೊಡೆಯುವುದು ಸುಲಭ, ಆದರೆ ಆಗ ಹೊಡೆದರೆ ಕಾವಲು ತಪ್ಪಿದ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ. ಎಲ್ಲಿ ಹೊಡೆಯಬೇಕೆಂಬುದರಷ್ಟೇ ಎಲ್ಲಿ ಹೊಡೆಯಬಾರದೆಂಬುದೂ ಈ ವಿದ್ಯೆಯಲ್ಲಿ ಸೇರಿದೆ.

ಇನ್ನು ಅಂಡಮಾನಿನ ಮೂಲನಿವಾಸಿಗಳು. ದಿಬ್ಬದಂಡೆಯ ಸ್ಫಟಿಕದಂಥ ನೀರಿನಲ್ಲಿ ನಿಂತು ಬಿಲ್ಲಿನಿಂದ ಮೀನು ಹೊಡೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ಮ್ಯಾನ್ ೧೮೮೩ರ ಹೊತ್ತಿಗೆ, ಮುಂದೆ ರ‍್ಯಾಡ್‌ಕ್ಲಿಫ್ ಬ್ರೌನ್ ೧೯೨೨ರಲ್ಲಿ, ಇವರ ಬದುಕನ್ನು ಕುರಿತು ಬರೆದರು. ಅವರ ಬಾಣಗಳಿಗೆ ಗರಿಯಿಲ್ಲ. ಹಂದಿಯ ಬಾಣಕ್ಕೆ ಕಳಚಿಕೊಳ್ಳುವ ಮೊನೆ, ಅದಕ್ಕೊಂದು ಹುರಿ. ಮೀನಿನ ಬಾಣ ಸಾದಾ, ಉದ್ದ. ಇಂದು ಅಮೆರಿಕದ ಅಂಗಡಿಗಳಲ್ಲಿ ಮಾರುವ ಮೀನುಬಾಣಕ್ಕೂ ಗರಿಯಿರುವುದಿಲ್ಲ. ನೀರಿನಲ್ಲಿ ಗರಿಯಿಂದ ಬಾಣದ ದಾರಿ ತಪ್ಪುತ್ತದೆ. ಹತ್ತು ಹದಿನೈದು ಅಡಿ ದೂರಕ್ಕೆ ಅದು ಬೇಕಾಗಿಯೂ ಇಲ್ಲ. ಬೇಕಾದದ್ದು ಭಾರ. ಹೊಸ ನಾಗರಿಕತೆ ಗಾಜಿನ ನಾರಿನಿಂದ ಮಾಡಿಕೊಂಡದ್ದನ್ನು ಅಂಡಮಾನಿನವರು ಕಾಡಿನ ಕೋಲಿನಿಂದ ಮಾಡಿಕೊಂಡಿದ್ದರು.

ಈಗ ನಮ್ಮೂರಿಗೆ ಬರೋಣ. ನಮ್ಮ ಸುತ್ತಲಿನ ನೀರು ಎರಡು ಬಗೆಯದು. ಒಂದು ಭರತ ಇಳಿತಗಳ ಖಾಡಿ. ಇನ್ನೊಂದು ಸಹ್ಯಾದ್ರಿಯಿಂದ ಇಳಿದು ಬರುವ ಉಲ್ಹಾಸ, ಕಾಳು, ಭಾತಸಾ, ಬಾರವಿ ಹೊಳೆಗಳು. ಖಾಡಿಯ ನೀರು ಎಂದೂ ತಿಳಿಯಾಗಿದ್ದುದಲ್ಲ. ದಿನಕ್ಕೆರಡು ಸಲ ಸಮುದ್ರ ಒಳಗೆ ನುಗ್ಗಿ ಹೊರಗೆ ಹೋಗುವಾಗ ಕೆಸರು ಕದಡಿಯೇ ಕದಡುತ್ತದೆ. ಅದಕ್ಕೇ ಠಾಣೆಯ ಚೆಂದಣಿ ಕೋಳಿವಾಡೆಯಿಂದ ಹಿಡಿದು ಈಗ ನವಿ ಮುಂಬಯಿಯಲ್ಲಿ ಸೇರಿಹೋಗಿರುವ ದಿವಾಳೆ, ಕರಾವೆ ಹಳ್ಳಿಗಳವರೆಗೆ ಕೋಳಿಗಳ ವಿದ್ಯೆ ಬಲೆಯ ವಿದ್ಯೆ. ಗೂಟ ನೆಟ್ಟು, ಹರಿವಿಗೆ ಬಾಯಿ ತೆರೆದು ಕಟ್ಟುವ ಚೀಲದಂಥ ಡೋಲ್ ಬಲೆಗೆ ಮೀನು ಕಾಣಬೇಕಾದ ಅಗತ್ಯವಿಲ್ಲ. ಭರತ ಇಳಿತಗಳ ವೇಳೆ ಗೊತ್ತಿದ್ದರೆ ಸಾಕು. ಪೆರಿಪ್ಲಸ್ ಎಂಬ ಗ್ರೀಕ್ ನಾವಿಕರ ಕೈಪಿಡಿ 'ಕಲ್ಲಿಯೇನ' ಎಂದು ಹೆಸರಿಸಿರುವ ಕಾಲದಿಂದಲೂ ಕಲ್ಯಾಣ ಬಂದರು ಈ ಕದಡಿದ ನೀರಿನಲ್ಲಿಯೇ ಬೆಳೆಯಿತು.

ಬಾಣಕ್ಕೆ ಒಪ್ಪುವ ನೀರು ಮೇಲಿನ ಹೊಳೆಗಳದು. ಮಳೆ ನಿಂತು, ನವರಾತ್ರಿ ಕಳೆದ ಮೇಲೆ, ಬದಲಾಪುರದಾಚೆ, ಮುರಬಾಡ, ಶಹಾಪುರಗಳ ಕಡೆ ಹೋದವರು ಬಂಡೆಗಳ ನಡುವೆ ಮಂಡಿಯುದ್ದ ಹರಿಯುವ ತಿಳಿನೀರನ್ನು ಕಂಡಿರುತ್ತಾರೆ. ಇಲ್ಲಿನ ಹಳೆಯ ನಿವಾಸಿಗಳು ವಾರಲಿಗಳು, ಠಾಕೂರರು, ಮಹಾದೇವ ಕೋಳಿಗಳು, ಕಾತಕರಿಗಳು. ಕಾತಕರಿಗಳಿಗೆ ಆ ಹೆಸರು ಬಂದದ್ದು ಖೈರದ ಮರದಿಂದ ಕಾಚು ತೆಗೆಯುತ್ತಿದ್ದುದರಿಂದ. ಬಿಲ್ಲುಬಾಣ ಅವರ ಮನೆಯ ವಸ್ತು. ಹಕ್ಕಿ, ಮೊಲಗಳಿಗೆ ಬಿಲ್ಲು. ಹಳ್ಳದ ಮೀನು ಏಡಿಗಳಿಗೆ ಕೈ, ಬುಟ್ಟಿ, ಸಣ್ಣ ಬಲೆ. ಬಿಲ್ಲು ಹಿಡಿಯುವ ಕೈಯೂ ಮೀನು ಹಿಡಿಯುವ ಕೈಯೂ ಇಲ್ಲಿ ಒಂದೇ. ವಾರಲಿ ಚಿತ್ರಗಳನ್ನು ನೋಡಿ: ಅದೇ ಗೋಡೆಯ ಮೇಲೆ ಬಿಲ್ಲು ಹಿಡಿದ ಬೇಟೆಗಾರನೂ ಇದ್ದಾನೆ, ಬಲೆ ಹರಡಿದ ಬೆಸ್ತನೂ ಇದ್ದಾನೆ. ಆ ಕಲೆಯನ್ನು ದೇಶವಿದೇಶಗಳಿಗೆ ಪರಿಚಯಿಸಿದ ಡಹಾಣುವಿನ ಜಿವ್ಯಾ ಸೋಮಾ ಮ್ಹಾಶೆ ಅವರು (೧೯೩೪–೨೦೧೮) ಬರೆದ ಮೀನುಬಲೆಯ ಚಿತ್ರಗಳು ಜಗತ್ಪ್ರಸಿದ್ಧವಾದವು. ೨೦೧೪ರಲ್ಲಿ ಪಾಲಘರ ಜಿಲ್ಲೆ ಬೇರೆಯಾಗುವವರೆಗೆ ಡಹಾಣು ನಮ್ಮ ಠಾಣೆ ಜಿಲ್ಲೆಯದೇ ಆಗಿತ್ತು.

ಈ ಕೈಗಳನ್ನು ನೀರಿನಿಂದ ದೂರ ಮಾಡಿದ್ದು ಎರಡು ಸಂಗತಿಗಳು. ಮೊದಲನೆಯದು ಕಾಯಿದೆ. ಸರ್ಕಾರಿ ಕಚೇರಿಯಲ್ಲಿ ಕಲಮುಗಳನ್ನು ಓದಿ ಅಭ್ಯಾಸವಾದ ನಮ್ಮಂಥವರಿಗೆ ೧೯೨೭ರ ಭಾರತೀಯ ಅರಣ್ಯ ಕಾಯಿದೆಯ ೨೬ನೆಯ ಕಲಮು ಓದಲು ಅರ್ಧ ನಿಮಿಷ ಸಾಕು. ಮೀಸಲು ಅರಣ್ಯದಲ್ಲಿ ನಿಯಮ ಮೀರಿ ಬೇಟೆಯಾಡಿದರೆ, ಮೀನು ಹಿಡಿದರೆ, ನೀರಿಗೆ ವಿಷ ಬೆರೆಸಿದರೆ, ಬೋನು ಒಡ್ಡಿದರೆ ಶಿಕ್ಷೆ ಎಂದು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಂಜೆಯ ಸಾರಿಗೆ ಒಂದು ಮೀನು ತಂದವನೂ ಹೊಳೆಗೆ ವಿಷ ಹಾಕಿದವನೂ ಒಂದೇ ಸಾಲಿಗೆ ಬಂದುಬಿಟ್ಟರು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಬೇಕಾಗಿಯೇ ಇತ್ತು, ಅದರ ಮೇಲೆ ನಮ್ಮ ಆಕ್ಷೇಪವಿಲ್ಲ. ಆದರೆ ಅಡವಿಯ ಮಕ್ಕಳಿಗೆ ಕಾಡಿನಲ್ಲಿ, ಮೀನಿನಲ್ಲಿ ಹಕ್ಕುಂಟೆಂದು ಒಪ್ಪಿಕೊಳ್ಳುವುದಕ್ಕೆ ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯೇ ಬರಬೇಕಾಯಿತು. ಆ ಕಾಯಿದೆಯ ಮೂರನೆಯ ಕಲಮಿನಲ್ಲಿ, ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲಿನ ಸಮುದಾಯದ ಹಕ್ಕು ಸ್ಪಷ್ಟ ಶಬ್ದಗಳಲ್ಲಿದೆ. ನಡುವೆ ಕಳೆದದ್ದು ಎಪ್ಪತ್ತೊಂಬತ್ತು ವರ್ಷ, ಮೂರು ತಲೆಮಾರು.

ಎರಡನೆಯದು ನೀರೇ ಕೆಟ್ಟದ್ದು. ೧೮೫೩ರಲ್ಲಿ ಠಾಣೆಗೂ ೧೮೫೪ರಲ್ಲಿ ಕಲ್ಯಾಣಕ್ಕೂ ರೈಲು ಬಂತು. ಅದರಿಂದ ಹೊಳೆ ಕೆಡಲಿಲ್ಲ. ೧೯೬೨ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಠಾಣೆ-ಬೇಲಾಪುರ ರಸ್ತೆ, ಅಂಬರನಾಥ, ಡೊಂಬಿವಲಿಗಳಲ್ಲಿ ರಸಾಯನ ಕಾರ್ಖಾನೆಗಳು ಸಾಲುಗಟ್ಟಿದವು. ೧೯೭೦ರಲ್ಲಿ ಸಿಡ್ಕೊ ಬಂದು ಖಾಡಿಯಾಚೆ ಹೊಸ ನಗರ ಎದ್ದಿತು. ನಮ್ಮಂಥ ಎಷ್ಟೋ ಕನ್ನಡಿಗರಿಗೆ ಅನ್ನವೂ ಸೂರೂ ಸಿಕ್ಕಿದ್ದು ಇವುಗಳಿಂದಲೇ ಎಂಬುದನ್ನು ಮರೆಯಬಾರದು. ಆದರೆ ಬೆಲೆ ಯಾವುದು ಎಂಬುದನ್ನೂ ಮರೆಯಬಾರದು.

ಅಂಬರನಾಥದ ಶಿವಾಲಯವನ್ನು ನೋಡದ ಕನ್ನಡಿಗರು ಈ ಭಾಗದಲ್ಲಿ ಕಡಮೆ. ಉತ್ತರ ಕೊಂಕಣದ ಶಿಲಾಹಾರರು ಕಟ್ಟಿಸಿದ ದೇವಾಲಯ ಅದು. ಶಕ ೯೮೨, ಎಂದರೆ ೧೦೬೦ನೆಯ ಇಸವಿಯ ಶಾಸನ ಅಲ್ಲಿದೆ. ಅದರ ಕಲ್ಲಿನ ಕೆಲಸವನ್ನು ನೋಡಿದರೆ ನಮ್ಮ ಕಡೆಯ ಗುಡಿಗಳ ನೆನಪಾಗುತ್ತದೆ. ದೇವಾಲಯದ ಪಕ್ಕದಲ್ಲಿ ಹರಿಯುವುದು ವಾಲಧುನಿ ನದಿ. ಶಿಲ್ಪಿಗಳು ಉಳಿ ತೊಳೆದ ನೀರು, ಪೂಜೆಗೆ ಕೊಡ ತುಂಬಿದ ನೀರು. ಅದೇ ನದಿ ಮುಂದೆ ಉಲ್ಹಾಸನಗರವನ್ನು ದಾಟಿ ಕಲ್ಯಾಣಕ್ಕೆ ಬರುತ್ತದೆ. ೨೦೧೪ರಲ್ಲಿ ಯಾರೋ ಅದಕ್ಕೆ ಸುರಿದ ರಸಾಯನದ ಹೊಗೆಯಿಂದ ಉಲ್ಹಾಸನಗರದ ನೂರಾರು ಜನ ಆಸ್ಪತ್ರೆ ಸೇರಬೇಕಾಯಿತು. ದಡದ ಮನುಷ್ಯರಿಗೇ ಉಸಿರಾಡಲಾಗದ ನೀರಿನಲ್ಲಿ ಮೀನು ಹೇಗೆ ಉಸಿರಾಡಬೇಕು? ೨೦೨೦ರ ಫೆಬ್ರವರಿಯಲ್ಲಿ ನಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಎಲ್ಲರಿಗೂ ನೆನಪಿರಬಹುದು.

ಹಾಗಾದರೆ ಸಹ್ಯಾದ್ರಿಯ ತಿಳಿನೀರು ಎಲ್ಲಿ ಹೋಯಿತು? ನಮ್ಮ ಮನೆಗೇ ಬಂತು! ಭಾತಸಾ ಅಣೆಕಟ್ಟಿನಿಂದ ಮುಂಬಯಿಗೂ ಠಾಣೆಗೂ, ಬಾರವಿ ಅಣೆಕಟ್ಟಿನಿಂದ ಕಾರ್ಖಾನೆಗಳಿಗೂ ನಮ್ಮ ಕಲ್ಯಾಣ ಡೊಂಬಿವಲಿಗಳಿಗೂ, ಮೋರಬೆ ಅಣೆಕಟ್ಟಿನಿಂದ ನವಿ ಮುಂಬಯಿಗೂ ನಲ್ಲಿಯಲ್ಲಿ ಬರುವುದು ಅದೇ ನೀರು. ಹಳ್ಳದಲ್ಲಿ ಮಂಡಿಯುದ್ದ ನಿಂತಿದ್ದವರು? ಅವರೂ ಬಂದರು. ಮಳೆಗಾಲ ಮುಗಿದೊಡನೆ ಕಾತಕರಿ ಕುಟುಂಬಗಳು ಹೆಂಡಿರು ಮಕ್ಕಳೊಡನೆ ಗುಡ್ಡ ಇಳಿದು ಕಲ್ಯಾಣ, ಭಿವಂಡಿ, ಪನವೇಲ ಕಡೆಯ ಇಟ್ಟಿಗೆ ಭಟ್ಟಿಗಳಿಗೆ ಕೂಲಿಗೆ ಬರುತ್ತವೆ. ಎಷ್ಟೋ ಕುಟುಂಬಗಳು ಮುಂಗಡ ಹಣದ ಋಣಕ್ಕೆ ಸಿಕ್ಕಿಕೊಂಡು. ನೀರು ತಿಳಿಯಾಗುವ ತಿಂಗಳುಗಳೇ ಭಟ್ಟಿ ಉರಿಯುವ ತಿಂಗಳುಗಳು. ನಾವು ಸಾಲ ತೆಗೆದು ಕೊಂಡ ಎರಡು ಕೋಣೆಗಳ ಗೋಡೆಯಲ್ಲಿರುವ ಇಟ್ಟಿಗೆ ಯಾರ ಕೈಯದು ಎಂದು ನಾವಾದರೂ ಯಾವತ್ತು ಕೇಳಿದ್ದೇವೆ?

ಇದೆಲ್ಲವನ್ನೂ ಸೋದರಳಿಯನಿಗೆ ಹೇಳಿದೆವು. ಹುಡುಗ ಸಪ್ಪಗಾದ. "ಹಾಗಾದರೆ ಕಲಿಯುವುದೇ ಬೇಡವೇ?" ಎಂದ. ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ಅವನಿಗೆ ಹೇಳಿದ್ದನ್ನೇ, ಇಂಥ ಆಸೆಯಿರುವ ಇತರ ಎಳೆಯರಿಗೂ ಹೇಳುತ್ತೇವೆ.

ಮೊದಲು ನೆಲದ ಮೇಲೆ ಬಿಲ್ಲು ಕಲಿಯಬೇಕು. ಭಾರತೀಯ ಬಿಲ್ಲುಗಾರಿಕೆ ಸಂಘ ೧೯೭೩ರಲ್ಲಿ ಹುಟ್ಟಿತು. ಈಗ ಊರೂರಿನಲ್ಲಿ ಕಲಿಸುವವರಿದ್ದಾರೆ. ರಾಜಸ್ಥಾನದ ಅಡವಿಯಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದ ಲಿಂಬಾರಾಮ್ ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಬಾಣ ಬಿಟ್ಟವರು. ಕೇಂದ್ರ ಸರ್ಕಾರ ೧೯೬೧ರಿಂದ ಕೊಡುವ ಕ್ರೀಡಾ ಪ್ರಶಸ್ತಿಗೆ ಅರ್ಜುನನ ಹೆಸರು; ನಮ್ಮ ಕರ್ನಾಟಕ ಸರ್ಕಾರ ಮಾತ್ರ ತನ್ನ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ. ಈ ಹೆಸರಿನ ವಿಷಯದಲ್ಲಿ ಕರ್ನಾಟಕಕ್ಕೇ ನಮ್ಮ ಓಟು. ಎರಡನೆಯದಾಗಿ, ಎಲ್ಲಿ ಬೇಕಾದರೂ ಹೊಡೆಯುವಂತಿಲ್ಲ. ಠಾಣೆ ಖಾಡಿಯ ಒಂದು ಭಾಗ ೨೦೧೫ರಿಂದ ರಾಜಹಂಸಗಳ ಅಭಯಾರಣ್ಯ. ೨೦೨೨ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಅಪ್ಪಣೆಯಿಲ್ಲದೆ ಆಯುಧ ಹಿಡಿದು ಅದರೊಳಗೆ ಕಾಲಿಡುವುದೇ ಅಪರಾಧ. ಊರ ಕೆರೆಗಳ ಮೀನಿನ ಮೇಲೆ ಗುತ್ತಿಗೆ ಹಿಡಿದವರ, ಬೆಸ್ತರ ಸಹಕಾರ ಸಂಘಗಳ ಹಕ್ಕಿರುತ್ತದೆ, ಕೇಳದೆ ಮುಟ್ಟಬಾರದು. ಸಿಡಿಮದ್ದು, ವಿಷಗಳನ್ನು ೧೮೯೭ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿದೆ. ಮೂರನೆಯದಾಗಿ, ತುಂಬ ಓರೆಯಾಗಿ ಬಿಟ್ಟ ಬಾಣ ನೀರಿನ ಮೇಲೆ ಹಾರಿ ಎದುರು ದಡದವನಿಗೆ ತಗಲಬಹುದು. ಬಾಣಕ್ಕೆ ಕಟ್ಟಿದ ದಾರ ಬಿಲ್ಲಿಗೆ ಸುತ್ತಿಕೊಂಡರೆ ಅದು ತಿರುಗಿ ಬಿಟ್ಟವನ ಮುಖಕ್ಕೇ ಬರಬಹುದು. ನಾಲ್ಕನೆಯದಾಗಿ, ಬಾಣ ತಗಲಿದ ಮೀನನ್ನು ಗಾಳದ ಮೀನಿನಂತೆ ಬಿಟ್ಟುಬಿಡಲಾಗದು. ತಿನ್ನುವುದಿದ್ದರೆ ಮಾತ್ರ ಹೊಡೆಯಬೇಕು. ತಿನ್ನಲಾಗದಂಥ ನೀರಿನ ಮೀನಿಗೆ ಬಾಣ ಹೂಡುವುದು ಬೇಟೆಯೂ ಅಲ್ಲ, ವಿನೋದವೂ ಅಲ್ಲ, ಬರಿಯ ಕೊಲೆ.

ಅಮೆರಿಕದ ಮಾತು ಬೇರೆ. ಅಲ್ಲಿ ಹೊರದೇಶಗಳಿಂದ ತಂದು ಬಿಟ್ಟ ಗೆಂಡೆ ಜಾತಿಯ ಮೀನುಗಳು ಹೊಳೆಗಳನ್ನೆಲ್ಲ ಆಕ್ರಮಿಸಿವೆ. ಅವುಗಳನ್ನು ಬಾಣದಿಂದ ಹೊಡೆದರೆ ಉಪಕಾರವೆಂದು ತಿಳಿಯುತ್ತಾರೆ. ನಮ್ಮಲ್ಲಿಯೂ ಅಂಥ ಮೀನು ಇಲ್ಲದಿಲ್ಲ. ಆಫ್ರಿಕದ ತಿಲಾಪಿಯಾವನ್ನು ೧೯೫೨ರಲ್ಲಿ ಭಾರತಕ್ಕೆ ತಂದರು. ಈಗ ಕೆಟ್ಟ ನೀರಿನಲ್ಲಿಯೂ ಬದುಕುವ ಆ ಮೀನೇ ಎಲ್ಲೆಲ್ಲಿಯೂ. ಆದರೆ ಅದಿರುವ ನೀರು ಬಗ್ಗಡ. ಬಾಣ ಬಿಡುವವನಿಗೆ ಅದು ಕಾಣುವುದೇ ಇಲ್ಲ.

ನವೆಂಬರಿನ ಒಂದು ರಜಾದಿನ ಸೋದರಳಿಯನನ್ನು ಕರೆದುಕೊಂಡು ಮುರಬಾಡದ ಕಡೆಯ ಒಂದು ಹಳ್ಳಕ್ಕೆ ಹೋದೆವು. ಬಿಲ್ಲು ಒಯ್ದಿರಲಿಲ್ಲ. ಬಂಡೆಯ ಮೇಲೆ ಕುಳಿತು ನೋಡಿದರೆ ಬೆರಳುದ್ದದ ಮೀನುಗಳು ಮರಳಿನ ಮೇಲೆ ತಮ್ಮ ನೆರಳನ್ನು ಎಳೆದುಕೊಂಡು ಓಡಾಡುತ್ತಿದ್ದುವು. ಹುಡುಗ ಒಂದು ಕಡ್ಡಿ ಹಿಡಿದು ಬಹಳ ಹೊತ್ತು ಬಗ್ಗಿ ನಿಂತ. ಹೊಡೆಯಲಿಲ್ಲ. ನಮ್ಮ ಕಡೆ ತಿರುಗಿ, "ಮಾವ, ಈಗ ಗೊತ್ತಾಗುತ್ತದೆ. ಕಾಣುವುದಕ್ಕಿಂತ ನಾಲ್ಕು ಬೆರಳು ಕೆಳಗೆ, ಈಚೆಗೆ" ಎಂದ.

ಆ ನಾಲ್ಕು ಬೆರಳಿನ ಲೆಕ್ಕವನ್ನು ಪುಸ್ತಕವಿಲ್ಲದೆ ಬಲ್ಲವರು ಆ ಹೊತ್ತಿನಲ್ಲಿ ಎಲ್ಲೋ ಭಟ್ಟಿಗೆ ಮಣ್ಣು ಕಲಸುತ್ತಿದ್ದರು. ಹಿಂದಿರುಗಿ ಬಂದು, ಕೈಕಾಲು ತೊಳೆದು, ನಲ್ಲಿಯಿಂದ ಒಂದು ಲೋಟ ನೀರು ಹಿಡಿದೆವು. ಬೆಳಕಿಗೆ ಎತ್ತಿ ನೋಡಿದರೆ ತಿಳಿಯಾಗಿಯೇ ಇತ್ತು.